ಮೂರು ಹಸಿರು ಮಾತ್ರೆ

ಫೆಬ್ರವರಿ 13, ಗುರುವಾರ

ಬೆಳಗಿನ ಟ್ರಿಪ್ ಮುಗಿಸಿ ಬಂದು ಬಟ್ಟೆ ಒಗೆಯಲು ಹಾಕಿದೆ. ಟ್ಯಾಮ್ಸಿನ್‌ಳ ಜೀನ್ಸ್ ಜೇಬಿನಲ್ಲಿ ಪುಟ್ಟ ಪ್ಲಾಸ್ಟಿಕ್ ಕವರ್. ಒಳಗೆ ಮೂರು ಹಸಿರು ಮಾತ್ರೆ, ನಶೆಯವು. ಮಗಳಿಗಿನ್ನೂ ಹತ್ತೊಂಬತ್ತು. ನರ್ಸಿಂಗ್ ಎರಡನೇ ವರ್ಷ.

ಮೊದಲು ಹೊಳೆದದ್ದು ಅವಳ ಜೀವವಲ್ಲ, ನನ್ನ ಲೈಸೆನ್ಸ್. ಸ್ಕೂಲ್ ಬಸ್ ಓಡಿಸುವವಳ ಮನೆಯಲ್ಲಿ ಇದು ಸಿಕ್ಕರೆ? ನಾಚಿಕೆಯಾಯಿತು. ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದೇನೆ.

14, ಶುಕ್ರವಾರ

ಅಣ್ಣ ರೋವನ್ ಕ್ರಿಕೆಟ್ ನೋಡಲು ಬಂದಿದ್ದ. ಮಕ್ಕಳು ಇಂಥ ಮಾತ್ರೆ ತಿಂದರೆ ಏನು ಮಾಡೋದು ಎಂದು, ಯಾರದೋ ಮನೆ ವಿಷಯ ಎನ್ನುವಂತೆ ಕೇಳಿದೆ. ತಿಂದು ಸತ್ತರೆ ಅದು ಅವರ ಹಣೆಬರಹ ಅಂದ. ಆರನೇ ಬಿಯರ್ ಮುಗಿಸಿ ಕಾರು ಹತ್ತಿದ. ತಡೆಯಲಿಲ್ಲ. ಯಾವತ್ತೂ ತಡೆದವಳಲ್ಲ.

15, ಶನಿವಾರ

ಕೇಳಿಯೇಬಿಟ್ಟೆ. ಅಳಲಿಲ್ಲ, ಸುಳ್ಳಾಡಲಿಲ್ಲ. ಎರಡು ವರ್ಷದಲ್ಲಿ ನಾಲ್ಕು ಸಲವಂತೆ. ಮುಂದಿನ ಶನಿವಾರ ಸಿಡ್ನಿಯಲ್ಲಿ ಸಂಗೀತ ಮೇಳ, ಗೆಳತಿ ಬ್ರಿಯೊನಿ ಜೊತೆ.

ಗೇಟಿನಲ್ಲಿ ಪೊಲೀಸ್ ನಾಯಿ ಇರುತ್ತವಲ್ಲ ಅಂದೆ.

"ಅದಕ್ಕೇ ಅಮ್ಮ ಭಯ. ನಾಯಿ ಕಂಡ ತಕ್ಷಣ ಇದ್ದಿದ್ದೆಲ್ಲ ಒಟ್ಟಿಗೆ ನುಂಗಿಬಿಡ್ತಾರೆ. ನಾನೂ ಒಂದ್ಸಲ ನುಂಗಿದೀನಿ."

ಎಷ್ಟು ಹಗುರವಾಗಿ ಹೇಳಿದಳು... ಆ ದಿನ ನಾನು ಎಲ್ಲಿದ್ದೆ?

ಕ್ಯಾನ್‌ಬೆರಾದಲ್ಲಿ ಒಂದು ಕೇಂದ್ರವಿದೆಯಂತೆ, ಮಾತ್ರೆಯಲ್ಲಿ ಏನಿದೆ ಎಂದು ಪರೀಕ್ಷಿಸಿ ಹೇಳುತ್ತಾರಂತೆ, ಪುಕ್ಕಟೆ, ಪೊಲೀಸರಿಗೆ ತಿಳಿಸದೆ. ತಾನೇ ಒಯ್ಯುತ್ತೇನೆ ಅಂದಳು. ಬೇಡ ಅಂದೆ. ದಾರಿಯಲ್ಲಿ ಸಿಕ್ಕಿಬಿದ್ದರೆ ಅವಳ ನರ್ಸಿಂಗ್ ಮುಗಿಯಿತು. ನಾನು ಹೋಗುತ್ತೇನೆ.

21, ಶುಕ್ರವಾರ

ಐದು ದಿನ ಧೈರ್ಯವೇ ಬರಲಿಲ್ಲ. ಇವತ್ತು ಎರಡು ಟ್ರಿಪ್‌ಗಳ ನಡುವೆ ಹೋದೆ. ಮಾತ್ರೆ ಬ್ರಾ ಒಳಗೆ. ಕ್ವೀನ್‌ಬಿಯನ್ ಊರು ದಾಟಿದರೆ ಕ್ಯಾನ್‌ಬೆರಾದ ಗಡಿ, ಗಡಿ ಅಂದರೆ ಒಂದು ಬೋರ್ಡು ಅಷ್ಟೇ, ಆದರೆ ಎರಡು ಕಡೆ ಕಾನೂನು ಬೇರೆ. ಈಚೆ ಅಪರಾಧಿ, ಆಚೆ ಸಲಹೆ ಕೇಳಲು ಬಂದವಳು. ಬೋರ್ಡಿಗೆ ಇನ್ನೂರು ಮೀಟರ್ ಇರುವಾಗ ಪೊಲೀಸರು ಕೈ ಅಡ್ಡ ಮಾಡಿದರು. ಕುಡಿದು ಓಡಿಸುವವರನ್ನು ಹಿಡಿಯುವ ಯಂತ್ರಕ್ಕೆ ಊದಿದೆ. ಹೋಗಿ ಅಂದರು. ಗೇರ್ ಹಾಕಿ ಬೋರ್ಡು ದಾಟಿದೆ.

ಕೇಂದ್ರದ ಹುಡುಗಿ ಹೆಸರು ಕೇಳಲಿಲ್ಲ, ಟೀ ಕೊಟ್ಟಳು. ಇಂಥ ಕೇಂದ್ರ ಬೇಡ ಎಂಬ ಅರ್ಜಿಗೆ ಹಿಂದೆ ಸಹಿ ಹಾಕಿದವಳು ನಾನು. ಚೂರು ಕೆರೆದು ಯಂತ್ರಕ್ಕಿಟ್ಟಳು. ಇಪ್ಪತ್ತು ನಿಮಿಷ.

"ಇದು ನಿಮ್ಮ ಮಗಳು ಅಂದ್ಕೊಂಡಿರೋ ಮಾತ್ರೆ ಅಲ್ಲ. ಉಸಿರು ನಿಲ್ಲಿಸೋ ಜಾತಿ. ಅರ್ಧ ತಿಂದ್ರೂ ಏಳೋದು ಕಷ್ಟ. ಬೇರೆ ಯಾರ ಹತ್ರ ಇದೆ?"

ಬ್ರಿಯೊನಿ ಹತ್ತಿರ ಇದೆ, ಇಬ್ಬರೂ ಒಟ್ಟಿಗೆ ಕೊಂಡದ್ದು ಅಂದಿದ್ದಳು ಟ್ಯಾಮ್ಸಿನ್. ನಿನ್ನೆಯೇ ಸಿಡ್ನಿಗೆ ಹೋದಳು. ಫೋನ್ ಆಫ್.

22, ಶನಿವಾರ, ಬೆಳಿಗ್ಗೆ 11:40

ಟ್ಯಾಮ್ಸಿನ್ ಮೊದಲ ಬಸ್ಸಿಗೇ ಸಿಡ್ನಿಗೆ ಹೋಗಿ ಗೇಟಿನಲ್ಲಿ ಕಾದಳು, ಈಗ ಅಲ್ಲಿಂದ ಫೋನ್ ಮಾಡಿದಳು. ಬ್ರಿಯೊನಿ ಸಿಕ್ಕಳು, ಇನ್ನೂ ತಿಂದಿಲ್ಲ. ಆದರೆ ಕ್ಯೂನಲ್ಲಿದ್ದ ಯಾರೋ ಹುಡುಗನಿಗೆ ಒಂದು ಕೊಟ್ಟಿದ್ದಾಳೆ. ಕೆಂಪು ಟೋಪಿ, ಅಷ್ಟೇ ಗೊತ್ತು. ಪ್ರಥಮ ಚಿಕಿತ್ಸೆಯ ಟೆಂಟಿಗೆ ಹೋಗಿ ಹೇಳಬೇಕು. ಹೇಳಿದರೆ ಮಾತ್ರೆ ಎಲ್ಲಿಂದ ಬಂತು ಅಂತಾರೆ.

"ಅಮ್ಮ, ಏನ್ ಮಾಡ್ಲಿ?"



"ಹೇಳು ಮಗಳೇ. ಏನಾದ್ರೂ ಆಗ್ಲಿ."

ಫೋನ್ ಇಟ್ಟಳು.

23, ಭಾನುವಾರ

ಹುಡುಗ ಶೌಚಾಲಯದ ಹಿಂದೆ ಸಿಕ್ಕಿದನಂತೆ, ತುಟಿ ನೀಲಿಗಟ್ಟಿತ್ತು. ಏನು ತಿಂದಿದ್ದಾನೆಂದು ಗೊತ್ತಿದ್ದರಿಂದ ಮೂಗಿಗೆ ಔಷಧಿ ಸಿಂಪಡಿಸಿ ಎಬ್ಬಿಸಿದರು. ಆಸ್ಪತ್ರೆಯಲ್ಲಿದ್ದಾನೆ. ಬದುಕುತ್ತಾನೆ.

ಪೊಲೀಸರು ಟ್ಯಾಮ್ಸಿನ್ ಹೆಸರು ಬರೆದುಕೊಂಡಿದ್ದಾರೆ. ನಿನಗೆ ಹೇಗೆ ಗೊತ್ತಾಯಿತು, ಪರೀಕ್ಷೆಗೆ ಒಯ್ದವರು ಯಾರು ಎಂದು ಕೇಳಿದರಂತೆ. ಹೇಳಿಲ್ಲ ಅವಳು. ನಾಳೆ ಟ್ರಿಪ್‌ಗೆ ಮುಂಚೆ ಠಾಣೆಗೆ ಹೋಗಿ ನಾನೇ ಹೇಳುತ್ತೇನೆ. ಬಸ್ ಕೆಲಸ ಕೈತಪ್ಪುತ್ತದೆ, ಗೊತ್ತು. ಹನ್ನೊಂದು ವರ್ಷ ಓಡಿಸಿದ ಬಸ್. ರೋವನ್ ಫೋನ್ ಮಾಡಿ ಬಾಯಿ ಮುಚ್ಚಿಕೊಂಡಿರು ಅಂದ. ಮುಚ್ಚಿಕೊಂಡಿದ್ದರೆ ಆ ಹುಡುಗ ಈ ಹೊತ್ತಿಗೆ ಶವಾಗಾರದಲ್ಲಿರುತ್ತಿದ್ದ.