ಬಟ್ಟೆ ಮುಚ್ಚಿದ ತಟ್ಟೆ

ನವೆಂಬರ್ 14, ಗುರುವಾರ

ಝಾನೆಟಾಳ ಮುಖ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ.

ಮೂರನೇ ತರಗತಿಗೆ ಇವತ್ತು ತಟ್ಟೆಯಾಟ ಆಡಿಸಿದೆ. ಗುಂಡಿ, ಬೀಗದ ಕೈ, ಬೆಳ್ಳುಳ್ಳಿ, ಮೇಣದ ಬತ್ತಿ, ಹೀಗೆ ಇಪ್ಪತ್ತು ಸಾಮಾನನ್ನು ಒಂದು ನಿಮಿಷ ತೋರಿಸಿ ಬಟ್ಟೆ ಮುಚ್ಚುವುದು, ಆಮೇಲೆ ನೆನಪಿದ್ದಷ್ಟು ಹೇಳಿಸುವುದು. ಊರಿನ ಸ್ಲೋವಾಕ್ ಮಕ್ಕಳು ಹನ್ನೆರಡಕ್ಕೇ ನಿಂತರು. ನಮ್ಮ ರೋಮಾ ಜನರ ಕೇರಿಯ ಝಾನೆಟಾ ಇಪ್ಪತ್ತನ್ನೂ ಇಟ್ಟ ಸಾಲಿನಲ್ಲೇ ಹೇಳಿಬಿಟ್ಟಳು.

ನನ್ನ ಬಾಯಿಂದ ಬಂದದ್ದೇನು? "ಬಟ್ಟೆ ಎತ್ತಿ ನೋಡಿದ್ಯೇನೇ?"

"ಸಾಮಾನೆಲ್ಲಾ ಇದ್ಯಾ ನೋಡ್ಕೊಳ್ಳಿ ಟೀಚರ್!" ಅಂದ ಊರಿನ ಹುಡುಗ ರಾಡೋವಾನ್. ತರಗತಿಯೆಲ್ಲ ನಕ್ಕಿತು.

"ಇಲ್ಲ ಟೀಚರ್, ನಾನು ಮುಟ್ಟಿಲ್ಲ. ನಲ್ಲಿಯಿಂದ ಮನೆಗೆ ನೀರು ಹೊರ್ತೀನಲ್ಲ, ದಾರೀಲಿ ಇಪ್ಪತ್ತು ಬಾಗಿಲು. ಮನಸ್ಸಲ್ಲೇ ಒಂದೊಂದು ಬಾಗಿಲಿಗೆ ಒಂದೊಂದು ಇಟ್ಕೊಂಡು ಹೋದೆ. ಬೆಳ್ಳುಳ್ಳಿ ನಿಮ್ಮಮ್ಮನ ಬಾಗಿಲಿಗೆ ಬಂತು" ಅಂದಳು ಝಾನೆಟಾ.

ನಾನೂ ಅದೇ ನಲ್ಲಿಯ ನೀರು ಹೊತ್ತವಳು. ನಮ್ಮ ಮಕ್ಕಳನ್ನು ಮಂದಬುದ್ಧಿಯವರ ಶಾಲೆಗೆ ತಳ್ಳಬೇಡಿ ಎಂದು ಬೀದಿಯಲ್ಲಿ ಗಂಟಲು ಹರಿದುಕೊಂಡವಳು. ನಮ್ಮವರನ್ನು ಕಳ್ಳರು ಅಂದವನ ಕೊರಳಪಟ್ಟಿ ಹಿಡಿದವಳು. ಥೂ! ರಾಡೋವಾನನನ್ನು ಬೈದು ಕೂರಿಸಿದೆ. ಆದರೆ ಅವನಿಗೆ ದಾರಿ ತೋರಿಸಿದ್ದು ನಾನೇ. ಕೇರಿಯ ಹುಡುಗಿ ಗೆದ್ದರೆ ಮೊದಲು ಅನುಮಾನಪಡು ಎಂದು ಕಲಿಸಿದವರು ನನ್ನೊಳಗೂ ಮನೆ ಮಾಡಿಕೊಂಡಿದ್ದಾರೆ.

ಗಂಟೆ ಹೊಡೆದ ಮೇಲೆ ತಪ್ಪಾಯಿತು ಎನ್ನಲು ಹೋದೆ. ಅವಳೇ ನನಗೆ ಸಮಾಧಾನ ಹೇಳಿದಳು.

"ಪರವಾಗಿಲ್ಲ ಟೀಚರ್. ನಾಳೆ ನಾಲ್ಕೈದು ಮರೆತುಬಿಡ್ತೀನಿ."

ನಾಳೆ ಅವಳು ಹದಿನೈದಕ್ಕೆ ನಿಂತು ನನ್ನ ಮುಖ ನೋಡಿದರೆ, ನಾನು ಯಾವ ಬಾಯಲ್ಲಿ ಉಳಿದ ಐದನ್ನೂ ಹೇಳು ಎನ್ನಲಿ?