ಕೊಚ್ಚಿಯ ದೋಣಿಯಲ್ಲಿ ನಿನ್ನ ಜಾಗ

ಹುಲಿಗೆವ್ವಕ್ಕ,

ನೀನು ತೀರಿಕೊಂಡು ಎರಡು ವರ್ಷವಾಯಿತು. ಆದರೂ ಈ ಸುದ್ದಿ ನಿನಗೇ ಮೊದಲು ಹೇಳಬೇಕು. ಜವಳಗೇರಾದ ನಮ್ಮ ಭತ್ತ ನಾಟಿಯ ಹೆಂಗಸರು ನಿನ್ನೆ ಕೊಚ್ಚಿಯಲ್ಲಿ ದೋಣಿ ಹತ್ತಿ ಕಡಲು ನೋಡಿದರು! ನಮ್ಮ ಕೂಲಿ ಸಂಘದ ಸಭೆಯಲ್ಲಿ ನೀನು ಇದನ್ನೇ ಕೇಳಿದಾಗ, ‘ಮೊದಲು ಕೂಲಿ ಹೋರಾಟ, ಆಮೇಲೆ ಶೋಕಿ’ ಎಂದು ಗದರಿದವನು ನಾನೇ.

ಗೈಡು ದಡದ ಹಳೆಯ ಮೆಣಸಿನ ಗೋದಾಮುಗಳನ್ನು ತೋರಿಸಿ ರಾಜರ, ಪೋರ್ಚುಗೀಸರ ಹೆಸರು ಹೇಳಿದ.

“ಚೀಲ ಹೊತ್ತವರು ಯಾರಂತ ಕೇಳಣ್ಣ ಅವಂಗ!” ಅಂದಳು ಜುಬೇದಾಬೀ ನನಗೆ. ದೋಣಿಯೆಲ್ಲ ನಕ್ಕಿತು.

ಅತೀಯಾ ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡು ಉಗುಳಿದಳು. “ಥೂ, ಇದಕಿಂತ ನಮ್ಮೂರ ಸವಳು ಬೋರಿನ ನೀರೇ ಪಾಡು ಬೇ!”

ಫೋಟೋಗೆ ನಿಂತಾಗಲೂ ಗದ್ದೆಯ ಸಾಲೇ. ಯಾರ ಪಕ್ಕ ಯಾರು ಸಸಿ ಹಚ್ಚುತ್ತಾರೋ ಅದೇ ಕ್ರಮ. ನಡುವೆ ನಿನ್ನ ಜಾಗ ಖಾಲಿ. ದೋಣಿಯವನು ಒತ್ತಿ ನಿಲ್ಲಿರೆಂದು ಎಷ್ಟು ಕೈಸನ್ನೆ ಮಾಡಿದರೂ ಒಬ್ಬರೂ ಸರಿಯಲಿಲ್ಲ.

“ಅಣ್ಣಾ, ನಿನ್ನ ಭಾಷಣ ಸಾಕು. ಬಾ, ಅಕ್ಕನ ಸಾಲು ನೀನೇ ಹಿಡಿ,” ಎಂದು ಜುಬೇದಾಬೀ ಎದುರಿಗೆ ನಿಂತಿದ್ದ ನನ್ನನ್ನು ಎಳೆದಳು.

ಇಪ್ಪತ್ತು ವರ್ಷ ನಿಮ್ಮ ಮುಂದೆ ನಿಂತು ಘೋಷಣೆ ಕೂಗಿದವನು ಮೊದಲ ಸಲ ನಿಮ್ಮ ನಡುವೆ ನಿಂತೆ. ಅಲೆ ಸಿಡಿದು ಎಲ್ಲರೂ ಕಿರುಚಿ ನಕ್ಕರು, ನಾನೂ ನಕ್ಕೆ.

ನೀನು ನೋಡಬೇಕಿತ್ತು, ಅಕ್ಕಾ.