ಮೊದಲ ಸಾವಿರ ಕಿಲೋಮೀಟರ್

ಭಾನುವಾರ, ಹದಿನೇಳನೇ ತಾರೀಖು

ಪ್ರೀತಿಯ ಅಕ್ಕನಿಗೆ,

ನೀನು ಚೆನ್ನಾಗಿದ್ದೀಯ, ಭಾವನ ಸೊಂಟನೋವು ಇಳಿದಿದೆ, ಮಕ್ಕಳು ಎಂದಿನಂತೆ ನಿನ್ನ ಪ್ರಾಣ ತಿನ್ನುತ್ತಿದ್ದಾರೆ ಅಂದುಕೊಂಡು ಬರೆಯಲು ಕೂತಿದ್ದೇನೆ. ಉತ್ತರ ತಡವಾಯಿತು, ಬೈಯಬೇಡ. ಇದಕ್ಕೆ ಮುಂಚೆ ಮೂರು ಸಲ ಬರೆದು ಹರಿದು ಹಾಕಿದೆ. ಒಂದರಲ್ಲಿ ನಿನ್ನನ್ನೇ ಬೈದಿದ್ದೆ, ಇನ್ನೊಂದರಲ್ಲಿ ಬರೀ ಅತ್ತಿದ್ದೆ, ಮೂರನೆಯದು ಎಷ್ಟು ಮರ್ಯಾದಸ್ಥವಾಗಿತ್ತೆಂದರೆ ಬ್ಯಾಂಕಿನ ಮ್ಯಾನೇಜರಿಗೆ ಬರೆದ ಹಾಗಿತ್ತು.

ನಾನು ಚೆನ್ನಾಗಿದ್ದೇನೆ. ಕೋಣೆ ಚಿಕ್ಕದು, ಆದರೆ ಬಾಗಿಲು ಹಾಕಿಕೊಂಡರೆ ನನ್ನದು. ಕೆಳಗೆ ಇಸ್ತ್ರಿ ಅಂಗಡಿ ಇರುವುದರಿಂದ ನೆಲ ಯಾವಾಗಲೂ ಬೆಚ್ಚಗಿರುತ್ತದೆ. ಇಸ್ತ್ರಿಯವನ ಹೆಂಡತಿ ದಿನಾ ಒಂದು ಸಲ ಮೇಲೆ ಬಂದು, ಊಟ ಆಯ್ತಾ ಅಂತ ಕೇಳಿ, ನನ್ನ ಮುಖ ಓದಿಕೊಂಡು ಹೋಗುತ್ತಾಳೆ. ಕನ್ನಡಕದ ಅಂಗಡಿಯಲ್ಲಿ ಮತ್ತೆ ಕೆಲಸಕ್ಕೆ ಸೇರಿಸಿಕೊಂಡಿದ್ದಾರೆ. ಗಾಜಿನ ಅಂಚು ಉಜ್ಜಿ ಚೌಕಟ್ಟಿಗೆ ಕೂರಿಸುವುದು ನನ್ನ ಕೆಲಸ. ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೆ ಗಾಜು ಸಡಿಲ, ಕಡಿಮೆ ಉಜ್ಜಿದರೆ ಬಿರುಕು. ಹೀಗಾಗಿ ಕೆಲಸದ ಹೊತ್ತಿನಲ್ಲಿ ಬೇರೇನೂ ತಲೆಗೆ ಬರುವುದಿಲ್ಲ, ಅದೇ ನನಗೆ ಬೇಕಾಗಿದ್ದು.

ಇನ್ನು ನಿನ್ನ ಕಾಗದದ ವಿಷಯ. "ಒಂದು ಕಾರಿನ ಸಲುವಾಗಿ ಯಾರಾದರೂ ಗಂಡನ್ನ ಬಿಡ್ತಾರೇನೇ?" ಅಂತ ಕೇಳಿದ್ದೀಯ. ಬರುವ ಭಾನುವಾರ ನೀನೂ ಭಾವನೂ ಅವರನ್ನು ಕರೆದುಕೊಂಡು ಬಂದು, ನನ್ನನ್ನು ಬುದ್ಧಿ ಹೇಳಿ ಮನೆ ಸೇರಿಸುವುದೆಂದು ನೀವೇ ತೀರ್ಮಾನ ಮಾಡಿದ್ದೀರಿ. ಅದೂ ಅದೇ ಕಾರಿನಲ್ಲಿ. ಅದು ಈಗ ಬೆಣ್ಣೆಯ ಹಾಗೆ ಓಡುತ್ತದಂತೆ, ಭಾವ ಮೆಚ್ಚಿಕೊಂಡರಂತೆ. ನಾನು ಬರುವುದಿಲ್ಲ ಅಕ್ಕ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆ ಅಂತ ಕೇಳುವ ಹಕ್ಕು ನಿನಗಿದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿರುವುದು.

ಕಾರು ಕೊಂಡದ್ದೇ ಮಗುವಿಗಾಗಿ. ಎಂಟು ವರ್ಷ ಕಾದಮೇಲೆ ಬರುತ್ತಿರುವ ಮಗು, ಬಸ್ಸಿನ ನೂಕುನುಗ್ಗಲು ಬೇಡ, ಆಸ್ಪತ್ರೆ ಬೇರೆ ಹೆದ್ದಾರಿಯ ಆಚೆ ತುದಿಯಲ್ಲಿದೆ ಅಂತ ಅವರೇ ಅಂದರು. ನನಗೆ ಎಷ್ಟು ಸಂತೋಷವಾಯಿತು ಅಂತ ನಿನಗೆ ಫೋನಿನಲ್ಲಿ ಕೂಗಿ ಹೇಳಿದ್ದು ನೆನಪಿರಬೇಕು. ಕಾರು ಮನೆಗೆ ಬಂದ ದಿನವೇ ಅವರ ಕಾನೂನು ಜಾರಿಗೆ ಬಂತು. ಮೊದಲ ಸಾವಿರ ಕಿಲೋಮೀಟರ್ ತನಕ ಹೊಸ ಇಂಜಿನ್ ಪಳಗಿಸಬೇಕು. ಅರವತ್ತರ ಮೇಲೆ ಹೋಗಬಾರದು. ಅರವತ್ತರಲ್ಲೇ ನಿಲ್ಲಲೂಬಾರದು, ಏರಿಸಬೇಕು, ಇಳಿಸಬೇಕು, ಮತ್ತೆ ಏರಿಸಬೇಕು. ಭಾರ ಹೇರಬಾರದು.

ಷೋರೂಮಿನವನು, "ಈಗಿನ ಇಂಜಿನ್‌ಗೆ ಅಷ್ಟೆಲ್ಲ ಮಡಿ ಬೇಡ ಸಾರ್, ಮೊದಮೊದಲು ಒಂಚೂರು ಹದವಾಗಿ ಓಡ್ಸಿ ಸಾಕು" ಅಂದ. ಇವರು ತಲೆಯಾಡಿಸಿ ಹೊರಗೆ ಬಂದವರೇ, "ಅವನದೇನು ಹೋಗುತ್ತೆ, ಮಾರಿ ಕೈತೊಳ್ಕೊಂಡ" ಅಂದರು. ಅವರು ಪಂಪ್ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸದಲ್ಲಿರುವವರು ತಾನೆ. ತಪ್ಪು ಹುಡುಕುವುದಕ್ಕೇ ಸಂಬಳ.

ಅನ್ಯಾಯವಾಗಿ ಮಾತಾಡಬಾರದು. ಈ ಭಯಕ್ಕೆ ಒಂದು ಕಾರಣವೂ ಇತ್ತು. ನಾನು ನೋಡದೇ ಇದ್ದ ನನ್ನ ಮಾವ ಬಾಡಿಗೆ ಕಾರು ಓಡಿಸುತ್ತಿದ್ದರು. ಹೊಸ ಇಂಜಿನ್ ಕೂರಿಸಿದ ವಾರದಲ್ಲೇ ಯಾರೋ ಗಿರಾಕಿ ರೈಲು ತಪ್ಪುತ್ತದೆಂದು ಅವಸರ ಮಾಡಿದ, ಮಾವ ಜೋರಾಗಿ ಓಡಿಸಿದರು, ಇಂಜಿನ್ ಹಿಡಿದುಕೊಂಡು ನಡುದಾರಿಯಲ್ಲಿ ನಿಂತಿತು. ಆಮೇಲೆ ಅವರು ಸಾಯುವ ತನಕ ಬೇರೆಯವರ ಕಾರಿಗೆ ಡ್ರೈವರ್ ಆಗಿಯೇ ಇದ್ದರು. ಆ ಮನೆಯಲ್ಲಿ ಬೇರೆ ದೇವರ ಹೆದರಿಕೆ ಇಲ್ಲದಿದ್ದರೂ ಹೊಸ ಇಂಜಿನ್ನಿನ ಹೆದರಿಕೆ ಇತ್ತು.

ನಾನೂ ಆಗ ನಕ್ಕುಕೊಂಡೇ ಇದ್ದೆ. ತಿಂಗಳ ದಿನಸಿ ತಂದ ದಿನ ಮೂಟೆಗಳು ಬಾಡಿಗೆ ಗಾಡಿಯಲ್ಲಿ ಮುಂದೆ ಹೋದವು, ನಾವು ಕಾರಿನಲ್ಲಿ ಅದರ ಹಿಂದೆ ಹೋದೆವು. ಗಾಡಿಯವನು ತಿರುಗಿ ತಿರುಗಿ ನೋಡಿ ಹಲ್ಲು ಕಿರಿಯುತ್ತಿದ್ದ. ನಮ್ಮತ್ತೆ, "ನಾನು ಇಳ್ದು ನಡ್ಕೊಂಡು ಬರ್ಲೇನೋ, ನಿನ್ನ ಕಾರಿಗೆ ಸುಸ್ತಾಗಬಾರದು" ಅಂದರು. ಮಗ ನಗಲಿಲ್ಲ. ಐನೂರು ಕಿಲೋಮೀಟರಿಗೇ ಎಣ್ಣೆ ಬದಲಾಯಿಸುವುದೆಂದು ಹಟ ಹಿಡಿದರು. ಅಷ್ಟು ಬೇಗ ಯಾರೂ ಬದಲಾಯಿಸುವುದಿಲ್ಲವೆಂದು ಷೋರೂಮಿನವನು ಮೂಗು ಮುರಿದದ್ದಕ್ಕೆ, ತಾವೇ ಕಾರಿನಡಿ ಅಂಗಾತ ಮಲಗಿ, ಬೋಗುಣಿ ಇಟ್ಟು, ಹಳೆ ಎಣ್ಣೆ ಇಳಿಸಿದರು.

ಆ ಎಣ್ಣೆಯನ್ನು ಬಿಳಿ ಬಟ್ಟೆಯಲ್ಲಿ ಸೋಸಬೇಕಂತೆ, ಅದು ಅವರಪ್ಪನ ಪದ್ಧತಿ. ಬಿಳಿ ಬಟ್ಟೆ ಸಿಗದೆ, ಮಗುವಿಗೆಂದು ನಾನು ಹೊಲಿಯಲು ತಂದಿದ್ದ ಹೊಸ ಮಲ್ ಬಟ್ಟೆಯಿಂದ ಒಂದು ತುಂಡು ಕತ್ತರಿಸಿಕೊಂಡರು. ಬಿಸಿಲಿಗೆ ಹಿಡಿದು ನನ್ನನ್ನು ಕರೆದು ತೋರಿಸಿದರು. ಕಪ್ಪು ಕಲೆಯ ಮೇಲೆ ಮಿಣಮಿಣ ಲೋಹದ ಪುಡಿ. "ನೋಡು, ಒಳಗೆ ಒಂದಕ್ಕೊಂದು ಉಜ್ಜಿ ಹೊಂದ್ಕೊಳ್ತಾ ಇದೆ. ಈಗ ಇದನ್ನ ತೆಗೀದೇ ಬಿಟ್ರೆ ಒಳಗೇ ಕೊರೀತಾ ಇರುತ್ತೆ. ಮೊದಲ ಸಾವಿರ ಸರಿಯಾಗಿ ನೋಡ್ಕೊಂಡ್ರೆ ಇದು ನಮ್ಮ ಮಗು ಕಾಲೇಜಿಗೆ ಹೋಗೋವರೆಗೂ ಬರುತ್ತೆ" ಅಂದರು. ಆ ಮುಖದಲ್ಲಿದ್ದ ಸಂತೋಷ ನೋಡಿ ನನಗೆ ಬಟ್ಟೆ ಹೋದದ್ದಕ್ಕೆ ಬೇಸರವಾಗಲಿಲ್ಲ.

ಏಳು ತಿಂಗಳು ತುಂಬಿದ ಮೇಲಿನ ಆ ಮಧ್ಯಾಹ್ನದ ಬಗ್ಗೆ ನೀನು ಅವರ ಬಾಯಿಂದ ಕೇಳಿದ್ದೀಯ. ಈಗ ನನ್ನ ಬಾಯಿಂದ ಕೇಳು. ಬಟ್ಟೆ ಒಣಹಾಕುತ್ತಿದ್ದಾಗ ಹೊಟ್ಟೆ ಕಲ್ಲಾಯಿತು, ರಕ್ತ ಶುರುವಾಯಿತು. ಅತ್ತೆ ಆಂಬುಲೆನ್ಸ್ ಕರೆಸು ಅಂದರು. ಇವರು ಅವತ್ತು ಮನೆಯಲ್ಲೇ ಇದ್ದರು. "ಮನೆ ಮುಂದೆ ಕಾರಿಟ್ಕೊಂಡು ಅದಕ್ಕೆ ಯಾಕೆ ಕಾಯೋದು" ಅಂದರು. ನನಗೂ ಅದೇ ಸರಿ ಅನ್ನಿಸಿತು. ಹಿಂದಿನ ಸೀಟಿನಲ್ಲಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದೆ. ಎರಡು ಸೀಟುಗಳ ನಡುವಿನ ಸಂದಿಯಿಂದ ವೇಗದ ಮುಳ್ಳು ನನಗೆ ಚೆನ್ನಾಗಿ ಕಾಣುತ್ತಿತ್ತು.

ಹೆದ್ದಾರಿ ಖಾಲಿಯಿತ್ತು. ಮುಳ್ಳು ಅರವತ್ತಕ್ಕೆ ಬಂತು. ಆಮೇಲೆ ನಲವತ್ತೈದಕ್ಕೆ ಇಳಿಯಿತು. ಮತ್ತೆ ಅರವತ್ತು. ಮತ್ತೆ ಇಳಿಯಿತು. ಹಾಲಿನ ವ್ಯಾನ್ ನಮ್ಮನ್ನು ದಾಟಿ ಹೋಯಿತು. ಶಾಲೆಯ ಬಸ್ ದಾಟಿ ಹೋಯಿತು, ಹಿಂದಿನ ಕಿಟಕಿಯಿಂದ ಮಕ್ಕಳು ಕೈಬೀಸಿದ್ದು ಅತ್ತೆಗೆ ಕಂಡು, "ಶಾಲೆ ಬಸ್ಸೇ ಮುಂದೆ ಹೋಯ್ತಲ್ಲೋ, ಜೋರಾಗಿ ಓಡಿಸೋ" ಅಂದರು. "ಓಡಿಸ್ತಾ ಇದೀನಲ್ಲಮ್ಮ. ಇಂಜಿನ್ ಹಿಡ್ಕೊಂಡ್ರೆ ಇಲ್ಲೇ ನಿಂತ್ಬಿಡ್ತೀವಿ. ಆಗ ಇವಳನ್ನ ಹೊತ್ಕೊಂಡು ಹೋಗ್ತೀಯಾ?" ಅಂದರು. ನಾನು, "ನಿಂತರೆ ನಿಲ್ಲಲಿ, ಹೋಗಿ" ಅಂದೆ. ಗಟ್ಟಿಯಾಗಿಯೇ ಅಂದೆ ಅಕ್ಕ. ಅವರಿಗೆ ಕೇಳಿಸಿತು, ಯಾಕೆಂದರೆ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಮುಳ್ಳು ಅರವತ್ತಕ್ಕೆ ಬಂದು ಮತ್ತೆ ಇಳಿಯಿತು.

ಹುಡುಗಿ. ಅದನ್ನು ನಿನಗೆ ಯಾರೂ ಹೇಳಿರಲಾರರು. ಡಾಕ್ಟರಮ್ಮ ನನ್ನ ಕೈ ಹಿಡಿದು, "ಇನ್ನೊಂಚೂರು ಮುಂಚೆ" ಅಂತ ಶುರುಮಾಡಿ, ಬಾಗಿಲಲ್ಲಿ ನಿಂತಿದ್ದ ಅವರ ಮುಖ ನೋಡಿ, "ಖಚಿತವಾಗಿ ಹೇಳೋಕಾಗಲ್ಲ ಬಿಡಿ" ಅಂತ ಮುಗಿಸಿದರು. ನೀನು ಆ ಕೊನೆಯ ಮಾತನ್ನು ಹಿಡಿದುಕೊಂಡು, "ಡಾಕ್ಟರೇ ಹಾಗಂದಮೇಲೆ ನೀನ್ಯಾರೇ ತೀರ್ಪು ಕೊಡೋಕೆ" ಅಂತ ಬರೆದಿದ್ದೀಯ. ನಿಜ, ಖಚಿತವಾಗಿ ಹೇಳಲಾಗದು. ಬೇಗ ಹೋಗಿದ್ದರೂ ಮಗು ಉಳಿಯುತ್ತಿರಲಿಲ್ಲವೇನೋ. ಇಂಜಿನ್ ಜೋರಾಗಿ ಓಡಿಸಿದ್ದರೆ ನಿಲ್ಲುತ್ತಿತ್ತು ಅನ್ನುವುದೂ ಖಚಿತವಲ್ಲವಲ್ಲ. ಎರಡು ಅನುಮಾನಗಳಿದ್ದವು, ಅವರು ಒಂದನ್ನು ಆರಿಸಿಕೊಂಡರು.

ಅವರು ಕೆಟ್ಟವರಲ್ಲ ಅಂತ ಬರೆದಿದ್ದೀಯ. ನಾನೆಲ್ಲಿ ಅಂದೆ ಕೆಟ್ಟವರೆಂದು? ಕುಡಿಯುವುದಿಲ್ಲ, ಕೈಯೆತ್ತಿದವರಲ್ಲ. ಈ ಕೋಣೆಗೂ ಒಂದು ಸಲ ಬಂದಿದ್ದರು. ಹಣ್ಣಿನ ಚೀಲ ಹಿಡಿದುಕೊಂಡು ಹೊಸಿಲಾಚೆಯೇ ನಿಂತರು. ಒಳಗೆ ಬನ್ನಿ ಅಂದೆ, ಬಂದರು. ಚೀಲ ಕೆಳಗಿಟ್ಟು, "ಮತ್ತೆ ಎಣ್ಣೆ ಬದಲಾಯಿಸ್ದೆ. ಈ ಸಲ ಬಟ್ಟೆ ಮೇಲೆ ಒಂದು ಕಣಾನೂ ಇಲ್ಲ" ಅಂದರು. ಅದು ನನಗೆ ಸಮಾಧಾನ ಹೇಳುವ ಅವರ ರೀತಿ ಅಂತ ನನಗೆ ಗೊತ್ತು. ಗೊತ್ತಿದ್ದೂ ಹಣ್ಣಿನ ಚೀಲ ಎತ್ತಿ ಬೀದಿಗೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ, ಅವರು ಹೋದಮೇಲೆ ಇಸ್ತ್ರಿಯವನ ಹೆಂಡತಿಗೆ ಕೊಟ್ಟೆ.

ನನಗೋಸ್ಕರ ಕಾರು ಮಾರಲೂ ಸಿದ್ಧ ಅಂತ ಅವರು ಭಾವನ ಹತ್ತಿರ ಅಂದರಂತೆ. ದಯವಿಟ್ಟು ಬೇಡ ಅಂತ ಹೇಳು. ಕಾರು ಏನು ತಪ್ಪು ಮಾಡಿದೆ ಪಾಪ? ಕಾಲಿಟ್ಟು ಒತ್ತಿದ್ದರೆ ಓಡುತ್ತಿತ್ತು. ನೆಂಟರ ಮನೆಗಳಲ್ಲಿ ನನ್ನನ್ನು ಕಾರಿನ ಸವತಿ ಅಂತ ಎತ್ತಿ ಆಡುತ್ತಿದ್ದಾರಂತೆ, ಆಡಲಿ. ನೀನು ಮಾತ್ರ ಅವರ ಜೊತೆ ಸೇರಿ ನಗಬೇಡ.

ಭಾನುವಾರ ಗಂಡಸರನ್ನು ಬಿಟ್ಟು ನೀನು ಬಾ. ಬಸ್ಸಿನಲ್ಲಿ ಬಾ. ಮಕ್ಕಳನ್ನೂ ಕರೆದುಕೊಂಡು ಬಾ, ಚಿಕ್ಕವಳಿಗೆ ಕಣ್ಣು ಉರಿಯುತ್ತದೆ ಅಂದಿದ್ದೆಯಲ್ಲ, ಅಂಗಡಿಯಲ್ಲಿ ತೋರಿಸೋಣ. ಅತ್ತೆ ಸಿಕ್ಕರೆ ನಾನು ಕೇಳಿದೆ ಅಂತ ಹೇಳು. ಅವತ್ತು ಆ ಕಾರಿನಲ್ಲಿ ನನ್ನ ಪಕ್ಷದವರು ಅವರೊಬ್ಬರೇ. ಮಕ್ಕಳಿಬ್ಬರಿಗೂ ನನ್ನ ಆಶೀರ್ವಾದ, ನೂರು ವರ್ಷ ಬಾಳಲಿ. ನಿನ್ನ ಆಶೀರ್ವಾದ ನನ್ನ ಮೇಲಿರಲಿ. ಸಿಟ್ಟಿದ್ದರೆ ಅದನ್ನೂ ಇಟ್ಟುಕೋ.

ನಿನ್ನ ತಂಗಿ,
ಪೀಚಿ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಅಂದುಕೊಂಡಿದ್ದೆ. ನೀನು ನಂಬಿರುವ ಹಾಗೆ ಅವರು ಇಂಜಿನ್ ನಿಂತುಬಿಡುತ್ತದೆಂದು ನಿಜವಾಗಿ ಹೆದರಿದ್ದರು ಅಂತ ನಾನೂ ಆಸ್ಪತ್ರೆಯಲ್ಲಿ ಮಲಗಿದ್ದಷ್ಟು ದಿನ ನಂಬಿದ್ದೆ. ಕ್ಷಮಿಸಿಬಿಡೋಣ ಅಂತಲೂ ಅಂದುಕೊಂಡಿದ್ದೆ. ಆ ನಂಬಿಕೆ ಹೋದದ್ದು ಮನೆಗೆ ಬರುವ ದಾರಿಯಲ್ಲಿ. ಆಸ್ಪತ್ರೆಯ ದಿನಗಳಲ್ಲಿ ಅವರು ಬೆಳಿಗ್ಗೆ ಸಂಜೆ ಕಾರಿನಲ್ಲೇ ಓಡಾಡಿದ್ದರು. ನನ್ನನ್ನು ಮನೆಗೆ ಕರೆತಂದ ದಿನ, ಅದೇ ಹೆದ್ದಾರಿಯಲ್ಲಿ, ಅವರು ಮೀಟರ್ ನೋಡಿ, "ಸಾವಿರ ಆಯ್ತು. ಇನ್ನು ಯೋಚನೆ ಇಲ್ಲ" ಅಂದರು. ಯಾರಿಗೆ ಅಂದರೋ ಗೊತ್ತಿಲ್ಲ. ಅಂದವರೇ ಕಾಲು ಒತ್ತಿದರು. ಮುಳ್ಳು ಎಂಬತ್ತಾಯಿತು, ತೊಂಬತ್ತಾಯಿತು. ನನ್ನ ಮಡಿಲು ಖಾಲಿ, ನಮಗೆ ಯಾವ ಅವಸರವೂ ಇರಲಿಲ್ಲ. ನಾನು ಕಣ್ಣು ಒರೆಸಿಕೊಂಡು ನೋಡುವಷ್ಟರಲ್ಲಿ ನಮ್ಮ ಬೀದಿ ಬಂದುಬಿಟ್ಟಿತ್ತು. ಆ ದಾರಿ ಅಷ್ಟು ಹತ್ತಿರದ್ದು ಅಂತ ನನಗೆ ಗೊತ್ತೇ ಇರಲಿಲ್ಲ ಅಕ್ಕ.